ಒಂದೇ ಗಡಿ, ಎರಡು ವಲಸೆ

ಕಾರವಾರದಿಂದ ಅಂಕೋಲೆಯ ಕಡೆಗೆ ಹೊರಟರೆ ಊರು ದಾಟಿದ ಸ್ವಲ್ಪ ಹೊತ್ತಿಗೆ ಬಿಣಗಾ ಸಿಗುತ್ತದೆ. ಅಲ್ಲಿ ಪಡುವಣಕ್ಕೆ ಕಣ್ಣು ಹಾಯಿಸಿದರೆ ಸಮುದ್ರದ ನಡುವೆ ಉದ್ದನೆಯ ಗುಡ್ಡವೊಂದು ಮಲಗಿದಂತೆ ಕಾಣುತ್ತದೆ. ಅದು ಅಂಜುದೀವ ದ್ವೀಪ. ಕಣ್ಣಿಗೆ ಇಷ್ಟು ಹತ್ತಿರವಿದ್ದರೂ ಆಡಳಿತದ ಲೆಕ್ಕದಲ್ಲಿ ಅದು ಕರ್ನಾಟಕದ್ದಲ್ಲ, ಗೋವೆಯದು. 1961ರ ಡಿಸೆಂಬರ್‌ವರೆಗೆ ಅಲ್ಲಿ ಪೋರ್ಚುಗೀಸರ ಬಾವುಟ ಹಾರುತ್ತಿತ್ತು. ಈಗ ನೌಕಾನೆಲೆಯ ಅಲೆತಡೆ ಅದನ್ನು ಕಾರವಾರದ ದಡಕ್ಕೆ ಜೋಡಿಸಿದೆ.

1498ರಲ್ಲಿ ವಾಸ್ಕೋ ಡ ಗಾಮ ಊರಿಗೆ ಮರಳುವ ಮುನ್ನ ಹಡಗು ನಿಲ್ಲಿಸಿದ್ದು ಈ ದ್ವೀಪದಲ್ಲಿ. 1505ರಲ್ಲಿ ಪೋರ್ಚುಗೀಸ್ ವೈಸರಾಯ್ ಅಲ್ಮೇಡ ಇಲ್ಲಿ ಕೋಟೆ ಕಟ್ಟಿಸಿದ. ಮರುವರ್ಷವೇ ಅದನ್ನು ಕೆಡವಿ ಬಿಟ್ಟುಹೋಗಬೇಕಾಯಿತು. 1662ರಲ್ಲಿ ಮುಂಬಯಿಯನ್ನು ವಶಕ್ಕೆ ಪಡೆಯಲು ಬಂದ ಇಂಗ್ಲಿಷ್ ಸೈನಿಕರು ಪೋರ್ಚುಗೀಸರು ಬಿಟ್ಟುಕೊಡದ ಕಾರಣ ಇಲ್ಲಿ ಕಾದು ಕುಳಿತರು. ಅವರಲ್ಲಿ ನೂರಾರು ಮಂದಿ ರೋಗಕ್ಕೆ ತುತ್ತಾಗಿ ಇಲ್ಲಿಯೇ ಮಣ್ಣಾದರು. 1682ರಲ್ಲಿ ಪೋರ್ಚುಗೀಸರು ಮತ್ತೆ ಬಂದು ಕೋಟೆ ಕಟ್ಟಿದರು.

ಇವೆಲ್ಲ ಹಡಗಿನ ಮೇಲಟ್ಟದಲ್ಲಿ ನಿಂತು ಬಂದವರ ಚರಿತ್ರೆ. ಅದೇ ಹಡಗುಗಳ ಕೆಳಗಿನ ಕತ್ತಲೆಯಲ್ಲಿ ಬಂದವರೂ ಇದ್ದರು. ಅವರ ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು ಇಂದು ಅಂಕೋಲಾ, ಯಲ್ಲಾಪುರ, ಹಳಿಯಾಳ, ಜೋಯಿಡಾ, ಮುಂಡಗೋಡ, ಶಿರಸಿಯ ಹಳ್ಳಿಗಳಲ್ಲಿ ಬದುಕುತ್ತಿದ್ದಾರೆ. ನಾವು ಅವರನ್ನು ಸಿದ್ದಿಗಳು ಎನ್ನುತ್ತೇವೆ. ನೂರಾರು ವರ್ಷಗಳಿಂದ ಇಲ್ಲಿಯ ನೀರು ಕುಡಿದ ಈ ಜನರಿಗೆ ಇಂದಿಗೂ ತಪ್ಪದ ಪ್ರಶ್ನೆಯೊಂದಿದೆ: ನೀವು ಎಲ್ಲಿಂದ ಬಂದವರು?

ಈ ಪ್ರಶ್ನೆಯನ್ನು ಕಾರವಾರ ಮತ್ತು ಅಂಕೋಲೆಯಲ್ಲಿ ಯಾರಿಗೆ ಬೇಕಾದರೂ ಕೇಳಬಹುದಿತ್ತು. ಏಕೆಂದರೆ ಇದು ವಲಸೆ ಬಂದವರಿಂದಲೇ ತುಂಬಿದ ಕರಾವಳಿ. ಆದರೆ ಎಲ್ಲರಿಗೂ ಕೇಳುವುದಿಲ್ಲ. ಕೆಲವರಿಗಷ್ಟೇ ಕೇಳುತ್ತೇವೆ. ಏಕೆ ಹೀಗೆ ಎಂಬುದನ್ನು ಅರಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ದೇವಿಯೂ ವಲಸೆ ಬಂದಳು

ಅಂಕೋಲೆಯ ಆರ್ಯಾದುರ್ಗಾ ದೇವಾಲಯ ಸುತ್ತಲಿನ ಸೀಮೆಗೆಲ್ಲ ಪರಿಚಿತ. ದೇವಿಯ ಮೂಲಸ್ಥಾನ ಅಂಕೋಲೆಯಲ್ಲ, ಅಂಜುದೀವ ದ್ವೀಪ ಎಂದು ಸ್ಥಳದ ಐತಿಹ್ಯ ಹೇಳುತ್ತದೆ. ಪೋರ್ಚುಗೀಸರ ಕಾಟ ಹೆಚ್ಚಿದಾಗ ಭಕ್ತರು ದೇವಿಯನ್ನು ದ್ವೀಪದಿಂದ ಎತ್ತಿ ತಂದು ಅಂಕೋಲೆಯಲ್ಲಿ ನೆಲೆಗೊಳಿಸಿದರಂತೆ. ಅಂದಮೇಲೆ ಈ ಊರಿಗೆ ದೇವಿಯೂ ವಲಸೆ ಬಂದವಳೇ.

ದೇವರು ಬಂದ ದಾರಿಯಲ್ಲೇ ಜನರೂ ಬಂದರು. 1510ರಲ್ಲಿ ಅಲ್ಬುಕರ್ಕ್ ಗೋವೆಯನ್ನು ಗೆದ್ದ. 1540ರ ಸುಮಾರಿಗೆ ಗೋವೆಯ ದ್ವೀಪ ಪ್ರದೇಶದಲ್ಲಿ ದೇವಾಲಯಗಳು ನಾಶವಾದವು. 1560ರಲ್ಲಿ ಇನ್‌ಕ್ವಿಸಿಷನ್ ಎಂಬ ಧರ್ಮ ವಿಚಾರಣಾ ನ್ಯಾಯಾಲಯ ಸ್ಥಾಪನೆಯಾಯಿತು. ನಡುವೆ ಕೆಲವು ವರ್ಷ ನಿಂತದ್ದನ್ನು ಬಿಟ್ಟರೆ ಅದು 1812ರವರೆಗೆ ನಡೆಯಿತು. ಹಿಂದಿನ ಆಚರಣೆ, ಉಡುಪು, ಹಾಡು, ಕೊನೆಗೆ ಅಡುಗೆಯ ರೀತಿ ಕೂಡ ಅದರ ಕಣ್ಣಿಗೆ ಅಪರಾಧವಾಗಬಹುದಿತ್ತು. ಸಾರಸ್ವತರು, ದೈವಜ್ಞರು ಮೊದಲಾದ ಸಮುದಾಯಗಳ ಕುಟುಂಬಗಳು ಮನೆದೇವರನ್ನು ಕಟ್ಟಿಕೊಂಡು ದಕ್ಷಿಣಕ್ಕೆ ಹೊರಟವು. ಹೊಸದಾಗಿ ಕ್ರೈಸ್ತರಾದವರಲ್ಲೂ ಅನೇಕರು ತೆರಿಗೆ, ಬರ ಮತ್ತು ಇದೇ ನ್ಯಾಯಾಲಯದ ಭಯಕ್ಕೆ ಗಡಿ ದಾಟಿದರು. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ, ಮಂಗಳೂರು, ಅದರಾಚೆ ಕೊಚ್ಚಿಯವರೆಗೂ ಕೊಂಕಣಿ ಮಾತು ಹಬ್ಬಿದ್ದು ಹೀಗೆ.

ಅವರ ಕಷ್ಟ ಸಣ್ಣದಲ್ಲ. ಮನೆ, ಗದ್ದೆ, ಗುಡಿ ಎಲ್ಲವನ್ನೂ ಬಿಟ್ಟು ಬರುವ ಸಂಕಟ ಅನುಭವಿಸಿದವರಿಗೇ ಗೊತ್ತು. ಆದರೆ ಬರುವಾಗ ಅವರ ಕೈ ಪೂರ್ತಿ ಖಾಲಿಯಾಗಿರಲಿಲ್ಲ. ಅಕ್ಷರ ಗೊತ್ತಿತ್ತು, ಲೆಕ್ಕ ಗೊತ್ತಿತ್ತು, ವ್ಯಾಪಾರದ ಸಂಪರ್ಕಗಳಿದ್ದವು, ಕುಲ ಗೋತ್ರ ಹೇಳಿಕೊಳ್ಳಲು ಬರುತ್ತಿತ್ತು. ಮೆಣಸು, ಅಕ್ಕಿ, ಬಟ್ಟೆಯ ವ್ಯಾಪಾರ ಬೆಳೆಯುತ್ತಿದ್ದ ಕರಾವಳಿಗೆ ಅಂಥವರು ಬೇಕಾಗಿದ್ದರು. ಇಂಗ್ಲಿಷರು ಕಾರವಾರದಲ್ಲಿ ವ್ಯಾಪಾರ ಕೋಠಿ ತೆರೆದದ್ದು 1638ರಲ್ಲಿ. ಇಲ್ಲಿಯ ಅರಸರಿಗೂ ವರ್ತಕರಿಗೂ ಲೇವಾದೇವಿ ಬಲ್ಲವರು, ಕಡತ ಬರೆಯಬಲ್ಲವರು ಅಗತ್ಯವಾಗಿದ್ದರು. ಹೀಗಾಗಿ ಬಂದವರು ಒಂದೆರಡು ತಲೆಮಾರಿನಲ್ಲಿ ಊರಿನವರಾದರು, ಶಾನುಭೋಗರಾದರು, ಭೂಮಾಲೀಕರಾದರು. ಮುಂದೆ ಇದೇ ಕುಟುಂಬಗಳಿಂದ ಸ್ವಾತಂತ್ರ್ಯ ಹೋರಾಟಗಾರರೂ ಸಾಹಿತಿಗಳೂ ಬಂದರು. ಇಂದು ಅವರನ್ನು ವಲಸೆಗಾರರೆಂದು ಕರೆದರೆ ಕೇಳಿದವರು ನಕ್ಕುಬಿಟ್ಟಾರು.

ಗೋವೆಯ ಬೀದಿಯಲ್ಲಿ ಹರಾಜು

ಅದೇ ಗೋವೆಯಿಂದ, ಅದೇ ಅಧಿಕಾರಕ್ಕೆ ಹೆದರಿ, ಅದೇ ಗಡಿಯನ್ನು ಇನ್ನೊಂದು ಜನ ದಾಟಿತು. ಅವರ ಊರು ಗೋವೆಯೂ ಅಲ್ಲ. ಪೂರ್ವ ಆಫ್ರಿಕದ ಮೊಜಾಂಬಿಕ್ ಮತ್ತು ಅದರ ಆಸುಪಾಸಿನ ನಾಡುಗಳಿಂದ ಪೋರ್ಚುಗೀಸರು ಹಿಡಿದೋ ಕೊಂಡೋ ತಂದ ಗುಲಾಮರು ಅವರು.

1583ರಲ್ಲಿ ಗೋವೆಗೆ ಬಂದು ಆರ್ಚ್‌ಬಿಷಪ್ಪರ ಬಳಿ ಕೆಲಸಕ್ಕಿದ್ದ ಲಿನ್‌ಸ್ಕೋಟೆನ್ ಎಂಬ ಡಚ್ ಯುವಕ, ನಗರದ ಮುಖ್ಯಬೀದಿಯಲ್ಲಿ ನಡೆಯುತ್ತಿದ್ದ ಹರಾಜನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಕುದುರೆ, ಬಟ್ಟೆ, ಸಂಬಾರ ಪದಾರ್ಥಗಳೊಂದಿಗೆ ಗಂಡಸರು, ಹೆಂಗಸರು, ಮಕ್ಕಳು ಕೂಡ ಅಲ್ಲಿ ಬಿಕರಿಯಾಗುತ್ತಿದ್ದರು. 1608ರಲ್ಲಿ ಗೋವೆ ಕಂಡ ಫ್ರೆಂಚ್ ಪ್ರವಾಸಿ ಪೈರಾರ್ಡ್ ಕೂಡ ಇದನ್ನೇ ಹೇಳುತ್ತಾನೆ. ಪಲ್ಲಕ್ಕಿ ಹೊರುವುದು, ಯಜಮಾನನಿಗೆ ಕೊಡೆ ಹಿಡಿಯುವುದು, ನೀರು ಹೊತ್ತು ಮಾರುವುದು, ಅಡುಗೆ, ಹೊಲಿಗೆ ಎಲ್ಲವೂ ಗುಲಾಮರ ಪಾಲು. ಗುಲಾಮ ದುಡಿದು ತಂದ ಹಣದಲ್ಲೇ ಬದುಕುವ ಯಜಮಾನರೂ ಆ ನಗರದಲ್ಲಿದ್ದರು.

ಆಫ್ರಿಕದಿಂದ ಭಾರತಕ್ಕೆ ಬಂದವರೆಲ್ಲರೂ ಹೀಗೆಯೇ ಉಳಿದರೆಂದು ತಿಳಿಯಬಾರದು. ಇಥಿಯೋಪಿಯದಿಂದ ಗುಲಾಮನಾಗಿ ಬಂದ ಮಲಿಕ್ ಅಂಬರ್ ಅಹಮದ್‌ನಗರದ ನಿಜಾಂಶಾಹಿಯಲ್ಲಿ ಪ್ರಧಾನಿಯ ಪಟ್ಟಕ್ಕೇರಿ, 1626ರಲ್ಲಿ ಸಾಯುವವರೆಗೆ ಮೊಗಲರನ್ನು ಕಾಡಿದ. ನಮ್ಮ ವಿಜಾಪುರದ ಆದಿಲ್‌ಶಾಹಿಯಲ್ಲಿ ಇಖ್ಲಾಸ್ ಖಾನ್ ಎಂಬ ಹಬಶಿ ಮಂತ್ರಿಯಾಗಿದ್ದ. ಜಂಜೀರಾದ ಸಿದ್ದಿಗಳು ಕಡಲ ಕೋಟೆಯೊಂದನ್ನೇ ಆಳಿದರು. ಸಿದ್ದಿ ಎಂಬ ಹೆಸರು ಕೂಡ ಒಡೆಯ ಎಂಬರ್ಥದ ಅರಬ್ಬಿ ಗೌರವಸೂಚಕದಿಂದ ಬಂದದ್ದೆಂದು ವಿದ್ವಾಂಸರ ಅಭಿಪ್ರಾಯ. ಬಣ್ಣವೊಂದೇ ಮನುಷ್ಯನ ಸ್ಥಾನವನ್ನು ನಿರ್ಧರಿಸಲಿಲ್ಲ ಎಂಬುದನ್ನು ಇದರಿಂದ ತಿಳಿಯಬಹುದು. ಕೈಗೆ ಕತ್ತಿ ಕೊಟ್ಟ ಕಡೆ ಆಫ್ರಿಕದವನು ಸರದಾರನಾದ. ಕೊಡಲಿ, ಬುಟ್ಟಿ ಕೊಟ್ಟ ಕಡೆ ಆಳಾಗಿ ಉಳಿದ.

2011ರಲ್ಲಿ ಹೈದರಾಬಾದಿನ ಸಿಸಿಎಂಬಿ ಸಂಸ್ಥೆಯ ವಿಜ್ಞಾನಿಗಳು ಕರ್ನಾಟಕ ಮತ್ತು ಗುಜರಾತಿನ ಸಿದ್ದಿಗಳ ವಂಶವಾಹಿಗಳನ್ನು ಅಧ್ಯಯನ ಮಾಡಿ ಪ್ರಕಟಿಸಿದರು. ಪೂರ್ವ ಆಫ್ರಿಕದ ಬಂಟು ಭಾಷಿಕರ ಮೂಲ ಅವರಲ್ಲಿ ಸ್ಪಷ್ಟವಾಗಿದೆ. ಜೊತೆಗೆ ಭಾರತೀಯರ ಮತ್ತು ಅಲ್ಪ ಪ್ರಮಾಣದಲ್ಲಿ ಯುರೋಪಿಯನ್ನರ ರಕ್ತವೂ ಬೆರೆತಿದೆ. ಭಾರತೀಯರೊಡನೆ ಈ ಬೆರಕೆ ಆದದ್ದು ಸುಮಾರು ಇನ್ನೂರು ವರ್ಷಗಳೀಚೆಗೆ ಎಂದು ಅವರು ಲೆಕ್ಕ ಹಾಕಿದರು. ಪ್ರವಾಸಿಗಳು ಬರೆದಿಟ್ಟದ್ದನ್ನು ರಕ್ತದ ಹನಿಯೂ ಹೇಳಿತು.

ಘಟ್ಟದ ಕಾಡಿನಲ್ಲಿ

ಗೋವೆಯಿಂದ ತಪ್ಪಿಸಿಕೊಂಡ ಗುಲಾಮನಿಗೆ ಕರಾವಳಿಯ ಪೇಟೆ ಸುರಕ್ಷಿತವಲ್ಲ. ಗುರುತು ಹಿಡಿಯುವುದು ಸುಲಭ. ಅವನಿಗೆ ಬೇಕಾದದ್ದು ಕಾಡು. ಕಾಳಿ ನದಿಯ ಮೇಲ್ಭಾಗದ ಸೂಪಾ, ಹಳಿಯಾಳದ ಕಾಡು, ಗಂಗಾವಳಿ ಕಣಿವೆಯ ಮೇಲಿನ ಅಂಕೋಲಾ, ಯಲ್ಲಾಪುರದ ಘಟ್ಟ ಅವನನ್ನು ಅಡಗಿಸಿಕೊಂಡವು. ಬಿಡುಗಡೆ ಪಡೆದು ಬಂದವರೂ ಇದ್ದರು, ಇಲ್ಲಿಯ ಉಳ್ಳವರಿಗೆ ಮಾರಾಟವಾಗಿ ಬಂದವರೂ ಇದ್ದರು. ಆದ್ದರಿಂದ ಸಿದ್ದಿಗಳೆಲ್ಲ ಒಂದೇ ದಿನ ಒಂದೇ ದಾರಿಯಲ್ಲಿ ಬಂದರೆಂದು ಹೇಳುವುದು ಸರಿಯಲ್ಲ.

ಕಾಡಿಗೆ ಬಂದವರು ತಮ್ಮ ಮೂಲ ಭಾಷೆಯನ್ನು ಉಳಿಸಿಕೊಳ್ಳಲಾಗಲಿಲ್ಲ. ಬೇರೆ ಬೇರೆ ಬುಡಕಟ್ಟಿನವರನ್ನು ಬೆರೆಸಿ ಮಾರಿದ ಮೇಲೆ ಭಾಷೆ ಉಳಿಯುವುದಾದರೂ ಹೇಗೆ? ಕೊಂಕಣಿ ಅವರ ಮನೆಮಾತಾಯಿತು. ಕನ್ನಡ, ಮರಾಠಿ, ಉರ್ದು ಸೇರಿಕೊಂಡವು. ಧರ್ಮವೂ ಮೂರಾಯಿತು. ಹಿಂದೂ, ಕ್ರೈಸ್ತ, ಮುಸ್ಲಿಂ ಸಿದ್ದಿಗಳು ಮೂವರೂ ಈ ಜಿಲ್ಲೆಯಲ್ಲಿದ್ದಾರೆ. ಆಶ್ರಯ ಕೊಟ್ಟವರ ಧರ್ಮವನ್ನೇ ಆಶ್ರಿತರು ಹಿಡಿದರೆಂದು ಹೇಳುವುದುಂಟು. ಆದರೆ ಧರ್ಮ ಬೇರೆಯಾದರೂ ಸಿದ್ದಿಗಳೆಲ್ಲ ಒಂದೇ ಎಂಬ ಭಾವನೆ ಅಳಿಯಲಿಲ್ಲ. ಹಿರಿಯರ ಪೂಜೆ ಉಳಿಯಿತು. ದಮಾಮಿ ಎಂಬ ದೊಡ್ಡ ಚರ್ಮವಾದ್ಯದ ಬಡಿತ, ಅದಕ್ಕೆ ಹೊಂದುವ ಕುಣಿತ ಉಳಿದವು. ಹಳೆಯ ಸೀರೆ, ಅಂಗಿಗಳ ತುಂಡುಗಳನ್ನು ಜೋಡಿಸಿ ಹೆಂಗಸರು ಹೊಲಿಯುವ ಕೌದಿಯ ಕಲೆ ಬೆಳೆಯಿತು. ಇಂದು ಆ ಕೌದಿಗಳು ವಿದೇಶದ ಕಲಾಪ್ರದರ್ಶನಗಳನ್ನೂ ಕಂಡಿವೆ.

ಕ್ರೈಸ್ತ ಸಿದ್ದಿಗಳ ಹೆಸರುಗಳನ್ನು ಗಮನಿಸಿ: ಪೆದ್ರು, ಜೂಜೆ, ಮಿಂಗೆಲ್, ಬಸ್ತ್ಯಾಂವ್. ಅಟ್ಲಾಂಟಿಕ್ ಸಾಗರದಾಚೆ ಮೆಕ್ಸಿಕೊ, ಬ್ರೆಜಿಲ್, ಕೊಲಂಬಿಯಗಳಲ್ಲಿ ಪೆದ್ರೊ, ಹೊಸೆ, ಮಿಗೆಲ್, ಸೆಬಾಸ್ತಿಯಾವೊ ಎಂಬ ಹೆಸರಿನವರು ಬೀದಿಬೀದಿಯಲ್ಲಿ ಸಿಗುತ್ತಾರೆ. ಐಬೀರಿಯ ಪರ್ಯಾಯದ್ವೀಪದ ಎರಡು ದೇಶಗಳು, ಸ್ಪೇನ್ ಮತ್ತು ಪೋರ್ಚುಗಲ್, ಜಗತ್ತನ್ನು ಹಂಚಿಕೊಳ್ಳಲು ಹೊರಟಾಗ ಅತ್ತ ಒಂದು ಹಡಗು, ಇತ್ತ ಒಂದು ಹಡಗು ಅದೇ ಸಂತರ ಹೆಸರುಗಳನ್ನು ಹೊತ್ತೊಯ್ದಿತು. ಹಳಿಯಾಳದ ಜೂಜೆಯೂ ಮೆಕ್ಸಿಕೊದ ಹೊಸೆಯೂ ಒಂದೇ ಚರಿತ್ರೆಯ ಎರಡು ತುದಿಗಳು.

ಅದೇ ಹಡಗುಗಳಲ್ಲಿ ಇನ್ನೂ ಏನೇನೋ ಬಂದವು. ಗೋಡಂಬಿ, ಅನಾನಸು, ಪಪ್ಪಾಯಿ, ಪೇರಲ, ಮೆಣಸಿನಕಾಯಿ ಇವೆಲ್ಲ ಅಮೆರಿಕ ಖಂಡದಿಂದ ಪೋರ್ಚುಗೀಸರ ಮೂಲಕ ನಮಗೆ ದಕ್ಕಿದವು. ಇಂದು ಕಾರವಾರದ ಮೀನುಸಾರಿಗೆ ಒಣಮೆಣಸು ಇಲ್ಲದಿದ್ದರೆ ರುಚಿಯೇ ಇಲ್ಲ. ಅಂಕೋಲೆಯ ಗುಡ್ಡದ ಗೇರುಮರವನ್ನು ಯಾರೂ ಪರದೇಶಿ ಎನ್ನುವುದಿಲ್ಲ. ಗಿಡ ಬೇರೂರಿದರೆ ನಮ್ಮದಾಗುತ್ತದೆ. ಮನುಷ್ಯ ಬೇರೂರಿದರೂ ನಮ್ಮವನಾಗುವುದು ತಡ.

ಕಾಗದವಿದ್ದವನಿಗೆ ಬೆಟ್ಟ

ಸಿದ್ದಿಗಳ ಬಡತನಕ್ಕೆ ಅವರ ಅಜ್ಞಾನವೇ ಕಾರಣ ಎನ್ನುವವರುಂಟು. ಚರಿತ್ರೆ ಬೇರೆಯೇ ಮಾತು ಹೇಳುತ್ತದೆ.

1799ರಲ್ಲಿ ಟಿಪ್ಪು ಮಡಿದ ಮೇಲೆ ಕೆನರಾ ಇಂಗ್ಲಿಷರ ಕೈಸೇರಿತು. ಅದಾದ ಎರಡು ವರ್ಷಕ್ಕೆ ಈ ದಾರಿಯಲ್ಲಿ ಹಾದುಹೋದ ಫ್ರಾನ್ಸಿಸ್ ಬುಕಾನನ್, ಇಲ್ಲಿಯ ಜಮೀನುಗಳಲ್ಲಿ ದುಡಿಯುತ್ತಿದ್ದ ಗುಲಾಮರ ವಿಷಯ ಬರೆದಿದ್ದಾನೆ. ಅವರು ಆಫ್ರಿಕದವರಲ್ಲ, ಈ ನೆಲದವರೇ. ಅಂದರೆ ಗೋವೆಯ ಗುಲಾಮ ಓಡಿಬಂದದ್ದು ಗುಲಾಮಗಿರಿಯೇ ಇಲ್ಲದ ನಾಡಿಗಲ್ಲ. ಮನುಷ್ಯನನ್ನು ಆಳೆಂದು ಎಣಿಸುವ ವ್ಯವಸ್ಥೆ ಇಲ್ಲಿ ಮೊದಲೇ ಸಿದ್ಧವಾಗಿತ್ತು. ಹೊಸಬನನ್ನು ಅದು ಕೊನೆಯ ಮೆಟ್ಟಿಲಿನಲ್ಲಿ ಕೂರಿಸಿತು.

1843ರ ಕಾಯಿದೆಯಂತೆ ಕಂಪನಿಯ ಆಡಳಿತದಲ್ಲಿ ನ್ಯಾಯಾಲಯಗಳು ಗುಲಾಮರ ಮೇಲಿನ ಒಡೆತನವನ್ನು ಮಾನ್ಯ ಮಾಡುವುದು ನಿಂತಿತು. 1862ರಲ್ಲಿ ಜಾರಿಗೆ ಬಂದ ದಂಡಸಂಹಿತೆ ಗುಲಾಮರ ಕ್ರಯವಿಕ್ರಯವನ್ನು ಅಪರಾಧವೆಂದಿತು. ಪೋರ್ಚುಗೀಸರು 1836ರಲ್ಲಿ ಗುಲಾಮರ ವ್ಯಾಪಾರವನ್ನೂ 1869ರಲ್ಲಿ ಗುಲಾಮಗಿರಿಯನ್ನೂ ಕಾಗದದ ಮೇಲೆ ನಿಲ್ಲಿಸಿದರು. ಹೀಗೆ ಹೆಸರಿಗೆ ಸ್ವತಂತ್ರನಾದ ಸಿದ್ದಿಗೆ ಉಳುವ ನೆಲವಿರಲಿಲ್ಲ. ಮದುವೆಗೋ ಕಾಯಿಲೆಗೋ ತೋಟದ ಒಡೆಯನಲ್ಲಿ ಸಾಲ ಮಾಡಿದರೆ ಅದನ್ನು ದುಡಿದೇ ತೀರಿಸಬೇಕು. ತೀರದಿದ್ದರೆ ಮಗ ದುಡಿಯಬೇಕು. ಸಂಕೋಲೆಯ ಜಾಗಕ್ಕೆ ಸಾಲದ ಪುಸ್ತಕ ಬಂತು. ಜೀತಪದ್ಧತಿಯನ್ನು ರದ್ದುಪಡಿಸುವ ಕಾನೂನಿಗೆ ದೇಶ 1976ರವರೆಗೆ ಕಾಯಬೇಕಾಯಿತು.

ಇನ್ನು ಕಾಡಿನ ಮಾತು. 19ನೇ ಶತಮಾನದ ನಡುಭಾಗದಲ್ಲಿ ಸರ್ಕಾರ ಕಾಡನ್ನು ತನ್ನ ಆಸ್ತಿಯೆಂದು ಬಗೆದು ಕುಮರಿ ಬೇಸಾಯವನ್ನು ಹತ್ತಿಕ್ಕತೊಡಗಿತು. ಗುಡ್ಡದ ಪೊದೆ ಕಡಿದು ಸುಟ್ಟು, ರಾಗಿಯಂಥ ಧಾನ್ಯ ಬಿತ್ತಿ, ಎರಡು ಮೂರು ವರ್ಷಕ್ಕೆ ಬೇರೆ ಜಾಗಕ್ಕೆ ಹೋಗುವ ಬೇಸಾಯ ಅದು. ಕಾಡಿನ ಬಡವರ ಅನ್ನ ಇದರಲ್ಲಿತ್ತು. ಅದೇ ಕಾಲದಲ್ಲಿ ಅಡಿಕೆ ತೋಟಿಗರಿಗೆ ಸೊಪ್ಪಿನ ಬೆಟ್ಟದ ಹಕ್ಕು ದೊರೆಯಿತು. ತೋಟಕ್ಕೆ ಬೇಕಾದ ಸೊಪ್ಪು, ದರಕಲೆಗಾಗಿ ತೋಟದ ವಿಸ್ತೀರ್ಣಕ್ಕಿಂತ ಹಲವು ಪಟ್ಟು ಬೆಟ್ಟವನ್ನು ಬಳಸುವ ಸವಲತ್ತು ಅದು. ತೋಟಕ್ಕೆ ಸೊಪ್ಪು ಬೇಕೇ ಬೇಕು, ಅದರಲ್ಲಿ ತಪ್ಪಿಲ್ಲ. ಆದರೆ ಒಂದೇ ಕಾಡಿನಲ್ಲಿ ಪಹಣಿ ಇದ್ದವನ ಅಗತ್ಯಕ್ಕೆ ಹಕ್ಕು ಎಂಬ ಹೆಸರು ಬಂತು. ಪಹಣಿ ಇಲ್ಲದವನ ಅಗತ್ಯಕ್ಕೆ ಅತಿಕ್ರಮಣ ಎಂಬ ಹೆಸರು ಬಂತು. ಇಂದಿಗೂ ಈ ಜಿಲ್ಲೆಯಲ್ಲಿ ಬಡವನ ಜಮೀನಿಗೆ ಜನ ಹೇಳುವುದು ಅತಿಕ್ರಮಣ ಜಮೀನು ಎಂದೇ.

1974ರ ಭೂಸುಧಾರಣೆ ಉತ್ತರ ಕನ್ನಡದಲ್ಲಿ ಸಾವಿರಾರು ಗೇಣಿದಾರರನ್ನು ಒಡೆಯರನ್ನಾಗಿ ಮಾಡಿತು. ಅಂಕೋಲೆಯ ದಿನಕರ ದೇಸಾಯಿಯವರು ರೈತರನ್ನು ಸಂಘಟಿಸಿ ದಶಕಗಳ ಕಾಲ ನಡೆಸಿದ ಹೋರಾಟಕ್ಕೆ ದೊರೆತ ಫಲ ಅದು. ಆದರೆ ಆ ಕಾನೂನಿನ ಕಣ್ಣಿಗೆ ಬಿದ್ದದ್ದು ಗೇಣಿದಾರ. ಸಿದ್ದಿಗಳಲ್ಲಿ ಹೆಚ್ಚಿನವರು ಗೇಣಿದಾರರೂ ಆಗಿರಲಿಲ್ಲ, ಕೂಲಿಯಾಳುಗಳಾಗಿದ್ದರು. ನ್ಯಾಯದ ಬಂಡಿ ಊರಿಗೆ ಬಂದರೂ ಅವರ ಕೇರಿಯವರೆಗೆ ಬರಲಿಲ್ಲ.

ಈ ಗಡಿಯಲ್ಲಿ ತಿರುವು ಮುರುವಾದ ವಲಸೆಯೂ ಒಂದು ನಡೆದಿದೆ. 1763-64ರ ಸುಮಾರಿಗೆ ಹೈದರ್ ಅಲಿ ಸೋದೆಯ ಮೇಲೆ ಬಿದ್ದಾಗ ಅಲ್ಲಿಯ ಅರಸು ಗೋವೆಗೆ ಓಡಿ ಪೋರ್ಚುಗೀಸರ ಮರೆಹೊಕ್ಕ. ಅವನಿಗೆ ವರ್ಷಾಶನ ಸಿಕ್ಕಿತು. ಫೋಂಡಾ ಬಳಿಯ ಬಾಂದೋಡೆಯಲ್ಲಿ ಅರಮನೆಯಾಯಿತು. ಅರಸನೂ ನಿರಾಶ್ರಿತನೇ, ಗುಲಾಮನೂ ನಿರಾಶ್ರಿತನೇ. ಆದರೆ ಗಡಿ ದಾಟುವಾಗ ಮನುಷ್ಯ ತನ್ನ ಅಂತಸ್ತನ್ನು ಹೊತ್ತುಕೊಂಡೇ ದಾಟುತ್ತಾನೆ.

ಸಾಗರದಾಚೆಯ ಪಾಠ

ಪೋರ್ಚುಗೀಸರು ಆಳಿದ ಬ್ರೆಜಿಲ್‌ನಲ್ಲೂ ಗುಲಾಮರು ಕಾಡಿಗೆ ಓಡಿದರು. ಅವರು ಕಟ್ಟಿಕೊಂಡ ಊರುಗಳಿಗೆ ಕಿಲೊಂಬೊ ಎಂದು ಹೆಸರು. 17ನೇ ಶತಮಾನದಲ್ಲಿ ಪಾಲ್ಮಾರೆಸ್ ಎಂಬ ಕಿಲೊಂಬೊ ಒಂದು ಚಿಕ್ಕ ರಾಜ್ಯದಂತೆಯೇ ಬೆಳೆದಿತ್ತು. 1694ರಲ್ಲಿ ಪೋರ್ಚುಗೀಸರು ಅದನ್ನು ನಾಶ ಮಾಡಿದರು. ಅದರ ನಾಯಕ ಜುಂಬಿ ಮರುವರ್ಷ ಕೊಲೆಯಾದ. ಸ್ಪೇನ್ ಆಳಿದ ಕೊಲಂಬಿಯದಲ್ಲಿ ಇಂಥ ಊರುಗಳಿಗೆ ಪಾಲೆಂಕೆ ಎನ್ನುತ್ತಿದ್ದರು. ಘಟ್ಟದ ಸಿದ್ದಿವಾಡೆಗಳು ಇವುಗಳ ದೂರದ ಬಂಧುಗಳು.

ಗಮನಿಸಬೇಕಾದದ್ದು ಮುಂದಿನ ಬೆಳವಣಿಗೆ. 1888ರಲ್ಲಿ ಗುಲಾಮಗಿರಿ ರದ್ದು ಮಾಡಿದ ಬ್ರೆಜಿಲ್, ಸರಿಯಾಗಿ ನೂರು ವರ್ಷಗಳ ಬಳಿಕ 1988ರ ತನ್ನ ಹೊಸ ಸಂವಿಧಾನದಲ್ಲಿ, ಕಿಲೊಂಬೊಗಳ ವಂಶಜರು ವಾಸಿಸುವ ನೆಲಕ್ಕೆ ಅವರೇ ಒಡೆಯರು ಎಂದು ಒಪ್ಪಿತು. ಕೊಲಂಬಿಯ 1993ರ ಕಾನೂನಿನಲ್ಲಿ ಪೆಸಿಫಿಕ್ ಕರಾವಳಿಯ ಕಪ್ಪು ಜನರ ಸಾಮೂಹಿಕ ಭೂಹಕ್ಕನ್ನು ಮಾನ್ಯ ಮಾಡಿತು. ಬರೆದಷ್ಟು ಬೇಗ ಹಕ್ಕುಪತ್ರ ಕೈಗೆ ಬರಲಿಲ್ಲ, ನಿಜ. ಆದರೂ ತಪ್ಪಿಸಿಕೊಂಡು ಬಂದವನ ನೆಲೆಯೂ ನೆಲೆಯೇ ಎಂಬ ಮಾತು ಕಾನೂನಿನ ಪುಸ್ತಕಕ್ಕೆ ಸೇರಿತು.

ಇದಕ್ಕೆ ವ್ಯತಿರಿಕ್ತವಾದ ಉದಾಹರಣೆಯೂ ಇದೆ. 1848ರ ಒಪ್ಪಂದದಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನ ಮೆಕ್ಸಿಕೊದ ಅರ್ಧದಷ್ಟು ನೆಲವನ್ನು ಪಡೆಯಿತು. ಕ್ಯಾಲಿಫೋರ್ನಿಯ ಮೊದಲಾದ ಕಡೆ ತಲೆತಲಾಂತರದಿಂದ ಇದ್ದ ಸ್ಪ್ಯಾನಿಷ್ ಮಾತಿನ ಜನ ಮನೆಯಿಂದ ಕದಲದೆಯೇ ಪರಕೀಯರಾದರು. 1930ರ ದಶಕದಲ್ಲಿ ಕೆಲಸದ ಅಭಾವ ಬಂದಾಗ ಮೆಕ್ಸಿಕನ್ ಮೂಲದ ಲಕ್ಷಾಂತರ ಮಂದಿಯನ್ನು ಗಡಿಯಾಚೆ ಕಳಿಸಲಾಯಿತು. ಅವರಲ್ಲಿ ಅಮೆರಿಕದಲ್ಲೇ ಹುಟ್ಟಿದ ಪ್ರಜೆಗಳೂ ಇದ್ದರು. ಮುಖ ಮತ್ತು ಮಾತು ನೋಡಿ ಪೌರತ್ವ ಅಳೆಯುವ ಚಾಳಿಗೆ ದೇಶಭೇದವಿಲ್ಲ.

ಪಟ್ಟಿಗೆ ಸೇರಿದ ಹೆಸರು

ನಮ್ಮಲ್ಲಿ ಸಿದ್ದಿಗಳ ಹೆಸರು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಗುಜರಾತಿನ ಕೆಲವು ಜಿಲ್ಲೆಗಳ ಸಿದ್ದಿಗಳಿಗೆ ದಶಕಗಳ ಹಿಂದೆಯೇ ದೊರೆತಿದ್ದ ಸ್ಥಾನ ಇದು. ಅದೂ ಉತ್ತರ ಕನ್ನಡ ಜಿಲ್ಲೆಗೆ ಮಾತ್ರ ಸೀಮಿತವಾಗಿತ್ತು. ಗಡಿಗೆರೆಯಾಚೆ ಖಾನಾಪುರದಲ್ಲೋ ಕಲಘಟಗಿಯಲ್ಲೋ ಇದ್ದ ಅವರದೇ ಅಣ್ಣತಮ್ಮಂದಿರಿಗೆ ಅನ್ವಯವಾಗಲಿಲ್ಲ. ಬೆಳಗಾವಿ, ಧಾರವಾಡ ಜಿಲ್ಲೆಗಳ ಸಿದ್ದಿಗಳಿಗೆ ಈ ಸ್ಥಾನ ಬಂದದ್ದು 2020ರಲ್ಲಿ.

ಪಟ್ಟಿಯಲ್ಲಿ ಒಂದು ಹೆಸರು ಸೇರಿದರೆ ಏನಾಗುತ್ತದೆ ಎಂದು ಕೇಳಬಹುದು. ಶಾಲೆ, ಹಾಸ್ಟೆಲ್, ನೌಕರಿಯ ಮೀಸಲಾತಿ ಎಲ್ಲರಿಗೂ ಗೊತ್ತಿರುವುದೇ. ಅದಕ್ಕಿಂತ ಮುಖ್ಯವಾದದ್ದು ನೆಲ. 2006ರ ಅರಣ್ಯ ಹಕ್ಕು ಕಾಯಿದೆಯಂತೆ, ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲು ಕಾಡಿನ ಜಮೀನಿನಲ್ಲಿ ನೆಲೆಸಿ ಅದನ್ನೇ ಅವಲಂಬಿಸಿದ್ದರೆಂದು ತೋರಿಸಿದರೆ ಸಾಕು. ಇತರರು ಅದರ ಜೊತೆಗೆ ಮೂರು ತಲೆಮಾರು, ಎಂದರೆ 75 ವರ್ಷಗಳ ವಾಸಕ್ಕೆ ಪುರಾವೆ ಒದಗಿಸಬೇಕು. ಓಡಿಬಂದವನ ಮೊಮ್ಮಗ 75 ವರ್ಷದ ಕಾಗದ ಎಲ್ಲಿಂದ ತರಬೇಕು? ಅಡಗಿ ಬದುಕುವುದೆಂದರೆ ಕಾಗದಕ್ಕೆ ಸಿಗದೆ ಬದುಕುವುದು ತಾನೇ? ಆ ಒಂದು ಹೆಸರು ಎಷ್ಟೋ ಸಿದ್ದಿ ಕುಟುಂಬಗಳನ್ನು ಈ ಒಗಟಿನಿಂದ ಪಾರು ಮಾಡಿತು.

ಕರ್ನಾಟಕದಲ್ಲಿ ಸಿದ್ದಿಗಳ ಸಂಖ್ಯೆ 2011ರ ಜನಗಣತಿಯಲ್ಲಿ ಸುಮಾರು ಹತ್ತು ಸಾವಿರ. ಚುನಾವಣೆಯ ಲೆಕ್ಕದಲ್ಲಿ ಇದು ಯಾರ ಗಮನವನ್ನೂ ಸೆಳೆಯುವ ಸಂಖ್ಯೆಯಲ್ಲ. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನಪರಿಷತ್ತಿಗೆ ನಾಮಕರಣಗೊಂಡಾಗ ಆ ಸಮುದಾಯದಿಂದ ಶಾಸನಸಭೆಗೆ ಕಾಲಿಟ್ಟ ಮೊದಲಿಗರಾದರು. ಹೆಗ್ಗೋಡಿನ ನೀನಾಸಂ ಮೂಲಕ ರಂಗಭೂಮಿಗೆ, ಅಲ್ಲಿಂದ ಸಿನಿಮಾಕ್ಕೆ ಬಂದ ಪ್ರಶಾಂತ್ ಸಿದ್ದಿಯವರನ್ನು ಕನ್ನಡಿಗರು ಬಲ್ಲರು. 2021ರ ‘ಸಲಗ’ ಚಿತ್ರದಲ್ಲಿ ಗಿರಿಜಾ ಸಿದ್ದಿ, ಗೀತಾ ಸಿದ್ದಿಯವರು ಹಾಡಿದ ಹಾಡಿಗೆ ಇಡೀ ರಾಜ್ಯವೇ ಕುಣಿಯಿತು.

ಇಲ್ಲೊಂದು ಎಚ್ಚರಿಕೆ ಬೇಕು. 1980ರ ದಶಕದ ಕೊನೆಯಲ್ಲಿ ಕ್ರೀಡಾ ಪ್ರಾಧಿಕಾರವು ಸಿದ್ದಿ ಮಕ್ಕಳನ್ನು ಆರಿಸಿ ಓಟದ ತರಬೇತಿ ಕೊಡಿಸಿತು. ಕೆಲವರು ರಾಷ್ಟ್ರಮಟ್ಟದಲ್ಲಿ, ಅದರಾಚೆಗೂ ಪದಕ ತಂದರು. ಕೆಲವೇ ವರ್ಷಗಳಲ್ಲಿ ಯೋಜನೆ ನಿಂತಿತು, ಎಷ್ಟೋ ಮಕ್ಕಳು ಅರ್ಧದಾರಿಯಲ್ಲಿ ಊರಿಗೆ ಮರಳಿದರು. ಆಫ್ರಿಕದ ರಕ್ತ, ಆದ್ದರಿಂದ ಚೆನ್ನಾಗಿ ಓಡುತ್ತಾರೆ ಎಂಬ ಎಣಿಕೆ ಹೊಗಳಿಕೆಯಂತೆ ಕಂಡರೂ, ಅದು ಮಗುವಿನ ಮೈಯನ್ನು ನೋಡಿತೇ ಹೊರತು ಮಗುವನ್ನು ನೋಡಲಿಲ್ಲ. ಗೋವೆಯ ಹರಾಜುಕಟ್ಟೆಯಲ್ಲೂ ನೋಡುತ್ತಿದ್ದದ್ದು ಮೈಯನ್ನೇ.

ನೀವು ಎಲ್ಲಿಯವರು?

ಯಲ್ಲಾಪುರದ ಸಿದ್ದಿ ಹುಡುಗ ಬೆಂಗಳೂರಿನ ಬಸ್ಸು ಹತ್ತಿದರೆ ಪಕ್ಕದವರು ಇಂಗ್ಲಿಷಿನಲ್ಲಿ ಮಾತು ತೆಗೆಯುತ್ತಾರೆ. ಅವನು ಕನ್ನಡದಲ್ಲಿ ಉತ್ತರಿಸಿದರೆ ಬೆರಗಾಗುತ್ತಾರೆ. ಬಾಡಿಗೆ ಮನೆ ಕೇಳಿದರೆ ಯಾವ ದೇಶ ಎಂಬ ಪ್ರಶ್ನೆ. ಶಾಲೆಯಲ್ಲಿ ಕೂದಲು ಎಳೆದು ನಗುವವರು, ಹಳ್ಳಿಯಲ್ಲಿ ಅಂಗಳದಾಚೆ ಊಟ ಬಡಿಸುವವರು ಇದ್ದರು. ಇಲ್ಲವಾದರು ಎಂದು ಧೈರ್ಯವಾಗಿ ಹೇಳುವ ಕಾಲ ಇನ್ನೂ ಬಂದಿಲ್ಲ. ಕೇಳುವವರಲ್ಲಿ ಹೆಚ್ಚಿನವರು ಕೆಟ್ಟವರಲ್ಲ. ತಮ್ಮ ನಾಡಿನ ಚರಿತ್ರೆಯ ಈ ಪುಟವನ್ನು ಅವರಿಗೆ ಯಾರೂ ಓದಿಸಿಲ್ಲ, ಅಷ್ಟೇ.

ಕಾರವಾರ ಮತ್ತು ಅಂಕೋಲೆಯ ಜನರಿಗಾದರೂ ಈ ನೋವು ಅರ್ಥವಾಗಬೇಕು. 1986ರಲ್ಲಿ ಸೀಬರ್ಡ್ ನೌಕಾನೆಲೆಗೆ ಶಂಕುಸ್ಥಾಪನೆಯಾಯಿತು. ಅದಕ್ಕಾಗಿ ಈ ಎರಡು ತಾಲ್ಲೂಕುಗಳ ಕಡಲಂಚಿನ ಸಾವಿರಾರು ಕುಟುಂಬಗಳು ಮನೆ, ಗದ್ದೆ, ದೋಣಿ ಕಟ್ಟುವ ದಡ ಬಿಟ್ಟು ಎದ್ದರು. ಕೆಲವೇ ಮೈಲಿ ದೂರದ ಪುನರ್ವಸತಿ ಕಾಲೊನಿಗೆ ಹೋದವರು ಕೂಡ ಹೊಸ ಊರಿನಲ್ಲಿ ನಿರಾಶ್ರಿತರು ಎಂಬ ಹೆಸರು ಹೊತ್ತರು. ಪರಿಹಾರಕ್ಕಾಗಿ ವರ್ಷಗಟ್ಟಲೆ ಕೋರ್ಟು ಕಚೇರಿ ಅಲೆದರು. ಒಂದೇ ಭಾಷೆ, ಒಂದೇ ಬಣ್ಣ, ಒಂದೇ ತಾಲ್ಲೂಕು ಇದ್ದೂ ಹೊಸ ನೆಲದಲ್ಲಿ ಬೇರೂರುವುದು ಇಷ್ಟು ಕಷ್ಟವಾದರೆ, ಕಡಲಾಚೆಯಿಂದ ಮಾರಾಟದ ಸರಕಾಗಿ ಬಂದವರ ಪಾಡೇನಾಗಿರಬೇಕು?

ಅಂಜುದೀವದಿಂದ ಬಂದ ದೇವಿಗೆ ಅಂಕೋಲೆ ಗುಡಿ ಕಟ್ಟಿತು. ಗೋವೆಯಿಂದ ಬಂದ ವರ್ತಕನಿಗೆ ಕಾರವಾರ ಅಂಗಡಿಗೆ ಜಾಗ ಕೊಟ್ಟಿತು. ಅದೇ ಗೋವೆಯಿಂದ ಬಂದ ಸಿದ್ದಿಗೆ ಘಟ್ಟದ ಕಾಡು ನೆರಳು ಕೊಟ್ಟಿತು, ನಾಡು ಕೊಡಲಿಲ್ಲ. ಈ ಲೆಕ್ಕ ಇನ್ನೂ ಬಾಕಿ ಇದೆ. ಅತಿಕ್ರಮಣ ಎಂದು ಕರೆದ ಜಮೀನಿಗೆ ಹಕ್ಕುಪತ್ರ ಕೊಡುವುದು ಕಚೇರಿಯ ಕೆಲಸ. ಪಕ್ಕದ ಸೀಟಿನ ಹುಡುಗನನ್ನು ಕನ್ನಡದಲ್ಲಿ ಮಾತನಾಡಿಸುವುದು ನಮ್ಮ ಕೆಲಸ. ಆಗಲೂ ನಾವು ಅವನನ್ನು ‘ನಿಮ್ಮ ಊರು ಯಾವುದು?’ ಎಂದು ಕೇಳಬಹುದು. ಅವನು ಯಲ್ಲಾಪುರ ಎಂದೋ ಅಂಕೋಲೆ ಎಂದೋ ಹೇಳುತ್ತಾನೆ. ಅಲ್ಲಿಗೆ ಪ್ರಶ್ನೆಯನ್ನು ನಿಲ್ಲಿಸಬೇಕು.